ಎಷ್ಟನೇ ಸೂಲು ಅಂತ ಕೇಳ್ರಿ

ಸಂತೆಯಲ್ಲಿ ಎಮ್ಮೆ ಕೊಳ್ಳುವವರನ್ನು ನೋಡಿದ್ದೀರಾ? ರೇಟಿನ ಮಾತು ಬರೋದು ಕೊನೆಗೆ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಕೆಚ್ಚಲು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಆಮೇಲೆ ತಪ್ಪದೆ ಒಂದು ಪ್ರಶ್ನೆ: "ಎಷ್ಟನೇ ಸೂಲು ಇದು?" ಎರಡನೇದು, ಮೂರನೇದು ಅಂದರೆ ಮಾತು ಮುಂದುವರಿಯುತ್ತದೆ. ಎಂಟನೇದು ಅಂದರೆ ಹೆಗಲ ಮೇಲಿನ ಟವೆಲ್ ಜಾಡಿಸಿಕೊಂಡು ಮುಂದಿನ ಎಮ್ಮೆ ಕಡೆ ನಡೆಯುತ್ತಾರೆ. ಹೆತ್ತ ಲೆಕ್ಕ ತಾಯಿಯ ಮೈಮೇಲೆ ಬರೆದಿರುತ್ತದೆ ಅನ್ನೋದು ಶಾಲೆಯ ಮುಖ ನೋಡದ ರೈತನಿಗೂ ಗೊತ್ತು.

ಇನ್ನು ನಾವು ನೋಡಿ. ಡಿಗ್ರಿ ಇದೆ, ಕೈಯಲ್ಲಿ ಫೋನ್ ಇದೆ, ಒಂದು ಇಯರ್‌ಫೋನ್ ಕೊಳ್ಳಲು ನಲವತ್ತು ರಿವ್ಯೂ ಓದುತ್ತೇವೆ. ಮುಂದಿನ ಹನ್ನೆರಡು ಹದಿಮೂರು ವರ್ಷ ಮನೆಯಲ್ಲಿ ಇರಬೇಕಾದ ನಾಯಿಮರಿ ತರುವಾಗ ಮಾತ್ರ ಮೂರೇ ಪ್ರಶ್ನೆ: "ರೇಟ್ ಎಷ್ಟು? ಕಲರ್ ಯಾವುದು? ಡೆಲಿವರಿ ಮಾಡ್ತೀರಾ?" ಆ ಮರಿಯ ತಾಯಿ ಹೇಗಿದ್ದಾಳೆ, ಅವಳಿಗೆ ಇದು ಎಷ್ಟನೇ ಸೂಲು ಅಂತ ಕೇಳಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ನನ್ನೂರು ಗದಗ ಅಂತ ಗೊತ್ತಾದ ಕೂಡಲೇ ಆಫೀಸಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಗುರು, ನಿಮ್ ಕಡೆ ಮುಧೋಳ ಮರಿ ಕಡಿಮೆಗೆ ಸಿಗುತ್ತಂತಲ್ಲ?" ಬೆಂಗಳೂರಿನವರಿಗೆ "ನಿಮ್ ಕಡೆ" ಅಂದರೆ ಹಾವೇರಿಯಿಂದ ಬೀದರಿನವರೆಗೆ ಎಲ್ಲಾ ಒಂದೇ! ಮುಧೋಳ ಇರೋದು ಬಾಗಲಕೋಟೆ ಜಿಲ್ಲೆಯಲ್ಲಿ. ಗದಗದಿಂದ ನರಗುಂದ, ರಾಮದುರ್ಗ, ಲೋಕಾಪುರ ದಾಟಿ ಹೋಗಬೇಕು. ಆದರೂ ಅವರ ಮಾತು ಪೂರ್ತಿ ಸುಳ್ಳಲ್ಲ. ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿ, ಮುಂಡರಗಿಯ ಹೊಲಗಳಲ್ಲಿ ಆ ಉದ್ದ ಮುಖ, ಸಣ್ಣ ನಡು, ಆಳವಾದ ಎದೆಯ ನಾಯಿಗಳು ಕಾಣಸಿಗುತ್ತವೆ. ಒಂದಿಷ್ಟು ಅಸಲಿ ತಳಿ, ಒಂದಿಷ್ಟು ಬೆರಕೆ.

ಮುಧೋಳ ನಾಯಿಯ ಕಥೆ ನಿಮಗೆ ಗೊತ್ತೇ ಇರಬಹುದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಬೇಟೆಗಾರರ ಹತ್ತಿರ ಇದ್ದ ಈ ನಾಯಿಗಳನ್ನು ಗುರುತಿಸಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟರು ಅನ್ನೋದು ಆ ಭಾಗದಲ್ಲಿ ಎಲ್ಲರ ಬಾಯಲ್ಲಿರುವ ಮಾತು. 2005ರಲ್ಲಿ ಈ ತಳಿಯ ಅಂಚೆಚೀಟಿ ಬಂತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಇಲ್ಲಿನ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. 2020ರ ಆಗಸ್ಟ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಈ ನಾಯಿಯ ಹೆಸರು ಹೇಳಿದ ಮೇಲಂತೂ ದೇಶದ ಮೂಲೆಮೂಲೆಗೆ ಸುದ್ದಿ ಹೋಯಿತು.

ಹೆಸರು ಬಂದರೆ ಬೇಡಿಕೆ ಬರುತ್ತದೆ. ಬೇಡಿಕೆ ಬಂದರೆ ರೊಕ್ಕ. ಮುಧೋಳ ಸುತ್ತಲಿನ ಸಣ್ಣ ರೈತ ಕುಟುಂಬಗಳಿಗೆ ಇದರಿಂದ ನಾಲ್ಕು ಕಾಸು ಸಿಕ್ಕಿದೆ, ಸಿಗಲಿ. ನನ್ನ ತಕರಾರು ಅದರ ಬಗ್ಗೆ ಅಲ್ಲ. ಬೇಡಿಕೆಯ ಭಾರ ಕೊನೆಗೆ ಯಾರ ಮೈಮೇಲೆ ಬೀಳುತ್ತದೆ ಅನ್ನೋದನ್ನು ಕೊಳ್ಳುವ ನಾವು ನೋಡುತ್ತಿಲ್ಲ, ತಕರಾರು ಅಷ್ಟೇ.

ಎಷ್ಟು ಮರಿ ಹಾಕಿದರೆ ಒಳ್ಳೇದು?

"ನಮ್ ನಾಯಿ ಹತ್ತು ಮರಿ ಹಾಕೇತಿ!" ಅಂತ ಹೆಮ್ಮೆಯಿಂದ ಸ್ಟೇಟಸ್ ಹಾಕುವವರಿದ್ದಾರೆ. ಖುಷಿ ಪಡಲಿ. ಆದರೆ ಮರಿಗಳ ಸಂಖ್ಯೆಯೇ ತಾಯಿಯ ಆರೋಗ್ಯದ ಸರ್ಟಿಫಿಕೇಟ್ ಅಲ್ಲ.

ನಾರ್ವೆಯಲ್ಲಿ 224 ತಳಿಗಳ 10,810 ಸೂಲುಗಳ ದಾಖಲೆ ತೆಗೆದು ನೋಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸರಾಸರಿ ಬಂದದ್ದು ಸೂಲಿಗೆ 5.4 ಮರಿ. ತೀರಾ ಸಣ್ಣ ತಳಿಗಳಲ್ಲಿ 3.5, ದೈತ್ಯ ತಳಿಗಳಲ್ಲಿ 7.1. ಅಂದರೆ ದೇಹ ದೊಡ್ಡದಾದಷ್ಟೂ ಮರಿ ಹೆಚ್ಚು. ತಾಯಿಯ ವಯಸ್ಸು, ಮೈಕಟ್ಟು, ಕೂಡಿಸಿದ ದಿನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗಿನ್ನೆಸ್ ದಾಖಲೆ 24 ಮರಿಗಳದ್ದು. 2004ರಲ್ಲಿ ಇಂಗ್ಲೆಂಡಿನಲ್ಲಿ ಟಿಯಾ ಎಂಬ ನಿಯಾಪೊಲಿಟನ್ ಮಾಸ್ಟಿಫ್ ನಾಯಿಗೆ ಸಿಸೇರಿಯನ್ ಮಾಡಿ ತೆಗೆದದ್ದು. ಅದರಲ್ಲೂ 20 ಮಾತ್ರ ಉಳಿದವು.

ನಾಯಿಗೆ ಮೊಲೆಗಳು ಸಾಮಾನ್ಯವಾಗಿ ಹತ್ತು. ಎಲ್ಲದರಲ್ಲೂ ಒಂದೇ ಸಮ ಹಾಲು ಇರುವುದಿಲ್ಲ. ಮರಿ ಹೆಚ್ಚಾದರೆ ಗಟ್ಟಿಯಾದವು ನುಗ್ಗಿ ಕುಡಿಯುತ್ತವೆ, ಬಡಪಾಯಿಗಳು ಹಿಂದೆ ಉಳಿಯುತ್ತವೆ. ಮೊದಲ ದಿನದ ಗಿಣ್ಣು ಹಾಲು ಸಿಗದ ಮರಿಗೆ ರೋಗದ ಜೊತೆ ಹೋರಾಡುವ ಬಲವೇ ಇರುವುದಿಲ್ಲ. ಹುಟ್ಟಿದ ಮೊದಲ ಎರಡು ವಾರ ಮರಿಗಳಿಗೆ ತಮ್ಮ ಮೈಯ ಬಿಸಿ ಕಾಯ್ದುಕೊಳ್ಳಲೂ ಬರುವುದಿಲ್ಲ, ತಾಯಿಯ ಹೊಟ್ಟೆಯ ಕಾವೇ ಆಸರೆ. ಆದ್ದರಿಂದ ಹತ್ತು ಹುಟ್ಟಿ ಐದು ಸಾಯುವ ಸೂಲಿಗಿಂತ, ಐದು ಹುಟ್ಟಿ ಐದೂ ಉಳಿಯುವ ಸೂಲು ದೊಡ್ಡದು.

ಇನ್ನೊಂದು ಮಾತು. ಒಂದೇ ರಕ್ತದೊಳಗೆ ಮತ್ತೆಮತ್ತೆ ಕೂಡಿಸಿದರೆ ಮರಿಗಳ ಸಂಖ್ಯೆಯೂ ಬೀಳುತ್ತದೆ. ಅಮೆರಿಕದಲ್ಲಿ ಗೋಲ್ಡನ್ ರಿಟ್ರೀವರ್ ನಾಯಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಾಯಿಯಲ್ಲಿ ಒಳಸಂಬಂಧದ ಪ್ರಮಾಣ ಶೇ. 10ರಷ್ಟು ಹೆಚ್ಚಾದರೆ ಸೂಲಿಗೆ ಸರಾಸರಿ ಒಂದು ಮರಿ ಕಡಿಮೆ. ಮುಧೋಳದಂಥ, ಒಂದು ಸೀಮೆಗೆ ಸೇರಿದ ತಳಿಗೆ ಇದು ಸಣ್ಣ ಮಾತಲ್ಲ. "ಅಸಲಿ ರಕ್ತ ಉಳೀಬೇಕು" ಅಂತ ಅಣ್ಣ-ತಂಗಿ, ತಾಯಿ-ಮಗನನ್ನು ಕೂಡಿಸುತ್ತಾ ಹೋದರೆ ಕೊನೆಗೆ ತಳಿಯೇ ಸೊರಗುತ್ತದೆ.

63 ದಿನ, ಆಮೇಲೆ 8 ವಾರ

ನಾಯಿಯ ಗರ್ಭಾವಧಿ ಸುಮಾರು 63 ದಿನ. ಒಂದು ಸ್ಪ್ರಿಂಟ್ ಪ್ಲಾನ್ ಮಾಡಿ, ಮುಂದೂಡಿ, ಮತ್ತೆ ಮುಂದೂಡಿ ರಿಲೀಸ್ ಮಾಡುವಷ್ಟರಲ್ಲಿ ಒಂದು ತಾಯಿ ಐದಾರು ಜೀವ ತಯಾರು ಮಾಡಿರುತ್ತಾಳೆ. ಮರಿಗಳು ಹೆಚ್ಚಾಗಿ ಬೆಳೆಯುವುದು ಕೊನೆಯ ಮೂರು ವಾರಗಳಲ್ಲಿ. ಆಗ ಅವಳ ಊಟ ನಿಧಾನವಾಗಿ ಹೆಚ್ಚಬೇಕು. ಆದರೆ ಅಸಲಿ ಪರೀಕ್ಷೆ ಹೆರಿಗೆ ಆದ ಮೇಲೆ. ಮರಿಗಳು ಮೂರು-ನಾಲ್ಕು ವಾರದವಾದಾಗ ಹಾಲಿನ ಬೇಡಿಕೆ ತುದಿಗೇರಿರುತ್ತದೆ. ಆಗ ತಾಯಿಗೆ ಬೇಕಾದ ಊಟ ಮಾಮೂಲಿಗಿಂತ ಎರಡರಿಂದ ನಾಲ್ಕು ಪಟ್ಟು.

ನಮ್ಮ ಕಡೆ ಮನೆಮಗಳು ಹಡೆದರೆ ತವರಿನಲ್ಲಿ ತಿಂಗಳುಗಟ್ಟಲೆ ಬಾಣಂತನ. ಅಂಟಿನುಂಡಿ, ಅಳವಿ ಪಾಯಸ, ಕಟ್ಟಿಗೆ ಒಲೆಯ ಬಿಸಿನೀರು, ಹಗಲು ನಿದ್ದೆ. ಹಿತ್ತಲಲ್ಲಿ ಏಳು ಮರಿ ಹಾಕಿದ ನಾಯಿಗೆ ಮಾತ್ರ ನಿನ್ನೆಯ ಕಟಕ ರೊಟ್ಟಿ, ನೀರು ಮಜ್ಜಿಗೆ. ರೊಟ್ಟಿ ತಪ್ಪಲ್ಲ, ಹೊಟ್ಟೆ ತುಂಬುತ್ತದೆ. ಆದರೆ ಬರೀ ರೊಟ್ಟಿಯಿಂದ ಏಳು ಮರಿಗಳಿಗೆ ಹಾಲು ಆಗುವುದಿಲ್ಲ. ಮೊಟ್ಟೆ, ಕೋಳಿ, ಮಾಂಸದ ಸಾರಿನಲ್ಲಿ ನೆನೆಸಿದ ರೊಟ್ಟಿ, ಇಲ್ಲವೇ ಮರಿಗಳಿಗಾಗಿ ಮಾಡಿದ ಒಳ್ಳೆಯ ರೆಡಿಮೇಡ್ ಆಹಾರ, ದಿನಕ್ಕೆ ಮೂರು-ನಾಲ್ಕು ಸಲ, ಪಕ್ಕದಲ್ಲಿ ಯಾವಾಗಲೂ ನೀರು. ಪ್ರೀತಿ ಉಕ್ಕಿ ಅಂಟಿನುಂಡಿ ಮಾತ್ರ ಕೊಡಬೇಡಿ. ಅದರಲ್ಲಿ ಒಣದ್ರಾಕ್ಷಿ ಇದ್ದರೆ ನಾಯಿಯ ಕಿಡ್ನಿಗೇ ಕುತ್ತು.

ಇನ್ನೊಂದು ಉಪಚಾರ ಉಲ್ಟಾ ಹೊಡೆಯುತ್ತದೆ. "ಬಸುರಿ ನಾಯಿ" ಅಂತ ತಾವೇ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ತಂದು ಕುಡಿಸುವುದು. ಗರ್ಭದ ಕಾಲದಲ್ಲಿ ಹೊರಗಿನಿಂದ ಸುಮ್ಮನೆ ಕ್ಯಾಲ್ಸಿಯಂ ಸುರಿದರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ದೇಹದ ಸ್ವಂತ ವ್ಯವಸ್ಥೆ ಮಂಕಾಗುತ್ತದೆ. ಹಾಲು ಇಳಿಯಲು ಶುರುವಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಧಡಕ್ಕನೆ ಬೀಳುತ್ತದೆ. ಹಾಲುಜ್ವರ ಅಂತ ಎಮ್ಮೆ, ಆಕಳಿಗೆ ಬರೋದು ನಮಗೆ ಗೊತ್ತು. ನಾಯಿಗೂ ಬರುತ್ತದೆ, ಹೆಚ್ಚಾಗಿ ಹೆರಿಗೆಯಾದ ಎರಡರಿಂದ ನಾಲ್ಕನೇ ವಾರದಲ್ಲಿ, ಅದರಲ್ಲೂ ಸಣ್ಣ ದೇಹದ, ಮರಿ ಹೆಚ್ಚಿರುವ ತಾಯಿಗೆ. ವಿಪರೀತ ತೇಕು, ಚಡಪಡಿಕೆ, ಕಾಲು ಸೆಟೆದ ನಡಿಗೆ, ನಡುಕ, ಕೊನೆಗೆ ಫಿಟ್ಸ್. ಇದು "ನಾಳೆ ನೋಡೋಣ" ಅನ್ನುವ ಕಾಯಿಲೆ ಅಲ್ಲ. ಮರಿಗಳನ್ನು ಬೇರೆ ಮಾಡಿ ತಕ್ಷಣ ಪಶುವೈದ್ಯರ ಬಳಿ ಓಡಬೇಕು. ಅವರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ತಾಯಂದಿರು ಕಣ್ಣೆದುರೇ ಚೇತರಿಸಿಕೊಳ್ಳುತ್ತಾರೆ.

ಹೆರಿಗೆಯ ದಿನ ನೆನಪಿಡಬೇಕಾದವು ನಾಲ್ಕು. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರಲಿಲ್ಲ, ಒಳಗೆ ಇನ್ನೂ ಮರಿ ಇದೆ ಅಂತ ಗೊತ್ತಿದ್ದರೂ ಎರಡು ಗಂಟೆ ದಾಟಿತು, ಮೊದಲ ಮರಿಗೂ ಮುಂಚೆಯೇ ಹಸಿರು-ಕಪ್ಪು ಸ್ರಾವ ಬಂತು, ದಿನ ತುಂಬಿ 70 ಮುಟ್ಟಿದರೂ ನೋವು ಶುರುವಾಗಲಿಲ್ಲ. ಇದರಲ್ಲಿ ಯಾವುದಾದರೂ ಒಂದು ಆದರೂ ಡಾಕ್ಟರಿಗೆ ಫೋನ್. ಕೊನೆಯ ವಾರದಲ್ಲಿ ಒಂದು ಎಕ್ಸ್‌ರೇ ತೆಗೆಸಿದರೆ ಮರಿಗಳ ಲೆಕ್ಕ ಸಿಗುತ್ತದೆ. ಹೆರಿಗೆ ಮುಗಿಯಿತೋ ಇಲ್ಲವೋ ಅಂತ ರಾತ್ರಿಯೆಲ್ಲಾ ಕಣ್ಣುಬಿಟ್ಟು ಊಹಿಸುತ್ತಾ ಕೂರಬೇಕಿಲ್ಲ.

ಮುಧೋಳ ನಾಯಿ ಮೊದಲೇ ತೆಳ್ಳಗೆ. ಹಿಂದಿನ ಒಂದೆರಡು ಪಕ್ಕೆಲುಬು ಮಸುಕಾಗಿ ಕಂಡರೆ ಅದು ತಳಿಯ ಗುಣ. ಆದರೆ ಬೆನ್ನುಹುರಿ ಮಣಿಮಣಿಯಾಗಿ ಎದ್ದು ಕಂಡು, ಸೊಂಟದ ಮೂಳೆಯ ಸುತ್ತ ಮಾಂಸವೇ ಇಲ್ಲದಿದ್ದರೆ ಅದು ತಳಿ ಅಲ್ಲ, ಹಸಿವು. "ಮುಧೋಳ ಇರೋದಾ ಹಂಗ್ರೀ ಸರ" ಅನ್ನುವ ಮಾತಿನಲ್ಲಿ ಇವೆರಡೂ ಒಂದಾಗಿಬಿಡುತ್ತವೆ.

ಗರ್ಭಕೋಶದ ಲೆಕ್ಕ

"ಹೆಣ್ಣು ನಾಯಿ ಒಂದ್ಸಲನಾದ್ರೂ ಮರಿ ಹಾಕಬೇಕು, ಇಲ್ಲಾಂದ್ರೆ ಕಾಯಿಲೆ ಬರ್ತದೆ" ಅನ್ನೋದು ಓದಿದವರ ಬಾಯಲ್ಲೂ ಇದೆ. ಇದಕ್ಕೆ ವೈದ್ಯಕೀಯದಲ್ಲಿ ಆಧಾರ ಇಲ್ಲ. ಬೆದೆ ಮುಗಿದ ಮೇಲೆ, ಗರ್ಭ ನಿಂತಿರಲಿ ಬಿಡಲಿ, ನಾಯಿಯ ದೇಹದಲ್ಲಿ ಪ್ರೊಜೆಸ್ಟೆರಾನ್ ಎರಡು ತಿಂಗಳಷ್ಟು ಏರಿಯೇ ಇರುತ್ತದೆ. ವರ್ಷದಿಂದ ವರ್ಷಕ್ಕೆ ಇದು ಮರುಕಳಿಸಿದಾಗ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರಬಹುದು. ಸ್ವೀಡನ್‌ನ ವಿಮಾ ದಾಖಲೆಗಳ ಪ್ರಕಾರ, ಸಂತಾನಹರಣ ಆಗದ ಹೆಣ್ಣು ನಾಯಿಗಳಲ್ಲಿ 10 ವರ್ಷ ತುಂಬುವಷ್ಟರಲ್ಲಿ ಸುಮಾರು ಕಾಲುಭಾಗ ಇದಕ್ಕೆ ತುತ್ತಾಗುತ್ತವೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ವಿಪರೀತ ನೀರು ಕುಡಿಯುತ್ತಿದೆ, ಊಟ ಬಿಟ್ಟಿದೆ, ವಾಂತಿ ಮಾಡುತ್ತಿದೆ ಅಂದರೆ ಸುಮ್ಮನೆ ಕೂರಬೇಡಿ. ಕೀವು ಹೊರಗೆ ಬರದೆ ಒಳಗೇ ಉಳಿದರೆ ಇನ್ನೂ ಅಪಾಯ.

ಇಲ್ಲಿ ಪಶುವೈದ್ಯರಲ್ಲೇ ಒಂದು ಚರ್ಚೆ ಇದೆ. ಬೆದೆ ಖಾಲಿ ಬಿಟ್ಟರೂ ಹಾರ್ಮೋನಿನ ಆಟ ತಪ್ಪೋದಿಲ್ಲ, ಆದ್ದರಿಂದ ಗಟ್ಟಿಮುಟ್ಟಾದ ನಾಯಿಗೆ ಚಿಕ್ಕ ವಯಸ್ಸಿನಲ್ಲೇ ಎರಡು ಮೂರು ಸೂಲು ಮುಗಿಸಿ, ಗರ್ಭಕೋಶ ತೆಗೆಸಿ, ಬೇಗ ನಿವೃತ್ತಿ ಕೊಡುವುದು ಒಳ್ಳೇದು ಅನ್ನುವವರು ಹೊರದೇಶಗಳಲ್ಲಿದ್ದಾರೆ. ಆದರೆ ಆ ವಾದದ ಒಳಗೆ ಎರಡು ಷರತ್ತಿವೆ: ಪ್ರತಿ ಸೂಲಿಗೂ ಮೊದಲು ತಪಾಸಣೆ, ಕೊನೆಗೆ ನಿವೃತ್ತಿ. ಇವೆರಡನ್ನೂ ಬಿಟ್ಟು "ಒಂದರ ಹಿಂದೆ ಒಂದು ಹಾಕಿಸಬಹುದಂತೆ" ಅನ್ನೋದನ್ನಷ್ಟೇ ಹಿಡಿದುಕೊಂಡರೆ ಅದು ವಿಜ್ಞಾನ ಆಗೋದಿಲ್ಲ. ನಮ್ಮ ಕಾನೂನಂತೂ ಅದನ್ನು ಒಪ್ಪೋದೂ ಇಲ್ಲ.

ಯಾರೂ ಓದದ ನಿಯಮ

2017ರ ಮೇ ತಿಂಗಳು ನೆನಪಿದೆಯಾ? ಜಾನುವಾರು ಸಂತೆಗಳ ಬಗ್ಗೆ ಕೇಂದ್ರ ಸರ್ಕಾರ ತಂದ ನಿಯಮ ದೇಶದ ತುಂಬ ಚರ್ಚೆಯಾಯಿತು. ಅದೇ ತಿಂಗಳು, ಅದೇ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳೂ ಬಂದವು. ಅವುಗಳ ಬಗ್ಗೆ ಚಹಾದಂಗಡಿಯಲ್ಲಿ ಒಂದು ಮಾತೂ ಆಗಲಿಲ್ಲ.

ಅದರಲ್ಲಿ ಇರೋದು ಇಷ್ಟು. ಮಾರಾಟಕ್ಕಾಗಿ ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ನಾಯಿಗೆ 18 ತಿಂಗಳು ತುಂಬಿರಬೇಕು, ಪಶುವೈದ್ಯರು ಆರೋಗ್ಯವಾಗಿದೆ ಅಂತ ಬರೆದುಕೊಡಬೇಕು. ಸತತ ಎರಡು ಬೆದೆಗಳಲ್ಲಿ ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಇಲ್ಲ. ಇಡೀ ಜೀವಮಾನದಲ್ಲಿ ಐದೇ ಸೂಲು. 8 ವರ್ಷ ದಾಟಿದ ತಾಯಿಗೆ ವಿಶ್ರಾಂತಿ. ಮರಿಗೆ 8 ವಾರ ತುಂಬದೆ ಮಾರುವಂತಿಲ್ಲ.

ನಾನು ಎಂಜಿನಿಯರ್, ಲೆಕ್ಕ ಹಾಕದೆ ಇರಲಾರೆ. ಹೆಣ್ಣು ನಾಯಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ ಅಂತಿಟ್ಟುಕೊಳ್ಳಿ. 18 ತಿಂಗಳಿಂದ 8 ವರ್ಷದವರೆಗೆ ಸುಮಾರು 12 ಬೆದೆ. ಒಂದನ್ನೂ ಬಿಡದೆ ಹಾಕಿಸಿದರೆ, ಸೂಲಿಗೆ 5.4ರಂತೆ 65 ಮರಿ. ನಿಯಮದಂತೆ ನಡೆದರೆ ಐದು ಸೂಲು, 27 ಮರಿ. ನಡುವಿನ ಅಂತರ 38. ಮರಿಗೆ ಹತ್ತು ಸಾವಿರ ಅಂತ ಸುಮ್ಮನೆ ಹಿಡಿದರೂ 3.8 ಲಕ್ಷ ರೂಪಾಯಿ. ಆ 3.8 ಲಕ್ಷ ಬರೋದು ಒಂದೇ ಜೀವದ ಮೂಳೆ, ರಕ್ತ, ಹಾಲಿನಿಂದ. ಇದು ಕಾಗದದ ಲೆಕ್ಕ. ನಿಜದಲ್ಲಿ ಅವಳು 12ನೇ ಸೂಲಿನವರೆಗೆ ಬದುಕಿರುತ್ತಾಳೆ ಅನ್ನುವ ಖಾತ್ರಿ ಇಲ್ಲ.

"ತಾಯಿ ಯಾಕ್ರೀ ಸರ?"

ಕಳೆದ ವರ್ಷ ಸಹೋದ್ಯೋಗಿಯೊಬ್ಬ ಮರಿ ಬೇಕು ಅಂತ ಹಟ ಹಿಡಿದ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ನಂಬರಿಗೆ, ನಮ್ಮ ಭಾಷೆ ಬರ್ತದಲ್ಲ ಅಂತ, ನನ್ನಿಂದಲೇ ಫೋನ್ ಮಾಡಿಸಿದ. ಮರಿಗಳ ವಿಡಿಯೊ ಪಟಪಟ ಬಂದವು. ತಾಯಿಯ ಫೋಟೊ ಕಳಿಸ್ರಿ ಅಂದೆ.

"ತಾಯಿ ಯಾಕ್ರೀ ಸರ? ಮರಿ ತಗೊಳ್ಳಾವ್ರು ನೀವು."

"ಇರ್ಲಿ ಅಣ್ಣಾ, ಒಮ್ಮೆ ನೋಡಿದ್ರ ಸಮಾಧಾನ."

"ಏನ್ ಚಿಂತಿ ಮಾಡಬ್ಯಾಡ್ರಿ. ಭಾರೀ ಚಲೋ ಆಕಿ. ನಾಕ್ ವರ್ಷದಾಗ ಏಳ ಸಲ ಹಾಕ್ಯಾಳ, ಒಂದ ಸಲಾನೂ ಖಾಲಿ ಹೋಗಿಲ್ಲ."

ಇದನ್ನು ಆತ ಅಡಗಿಸಲಿಲ್ಲ. ಹೆಮ್ಮೆಯಿಂದ, ಗ್ಯಾರಂಟಿ ಕಾರ್ಡ್ ಓದುವ ಹಾಗೆ ಹೇಳಿದ. ಸಂಜೆ ಫೋಟೊ ಬಂತು. ಜೋತುಬಿದ್ದ ಮೊಲೆಗಳು, ಎದ್ದು ಕಾಣುವ ಸೊಂಟದ ಮೂಳೆ, ಕಾಲ ಮೇಲೆ ಉದುರಿದ ಕೂದಲು. ಪಕ್ಕದಲ್ಲಿ ಮರಿಗಳು ಮಾತ್ರ ಗುಂಡುಗುಂಡಗೆ. ಮರಿ 30 ದಿನದವು, "ನಾಳೆನ ಬಸ್ಸಿಗೆ ಹಾಕಿ ಕಳಸ್ತೀನ್ರಿ" ಅನ್ನೋದು ಆಫರ್.

ಸಹೋದ್ಯೋಗಿಗೆ ಕರುಳು ಚುರ್ ಅಂತು. "ಪಾಪ, ಒಂದು ಮರಿನಾದ್ರೂ ಅಲ್ಲಿಂದ ಬಿಡಿಸೋಣ" ಅಂದ. ಒಳ್ಳೆ ಮನಸ್ಸು, ಆದರೆ ಅಲ್ಲಿ ಆ ಮರಿಗೆ ಕೊಟ್ಟ ರೊಕ್ಕ ಮುಂದಿನ ಬೆದೆಗೆ ಅಡ್ವಾನ್ಸ್ ಆಗುತ್ತದೆ. ನಾವು ಮರಿಯನ್ನು ಬಿಡಿಸಿಕೊಂಡು ಬಂದ ಹಾಗಲ್ಲ, ತಾಯಿಯನ್ನು ಇನ್ನೊಂದು ಸಲ ಕಟ್ಟಿ ಬಂದ ಹಾಗೆ. ಕೊನೆಗೆ ಆತ ಎರಡೂವರೆ ತಿಂಗಳು ಕಾದು, ತಾಯಿಯನ್ನು ಕಣ್ಣೆದುರು ತೋರಿಸಿದ ಒಂದು ಮನೆಯಿಂದ ಮರಿ ತಂದ.

ಆ ಮಾರುವ ಅಣ್ಣನನ್ನು ರಾಕ್ಷಸ ಅಂತ ಕರೆದು ಕೈ ತೊಳೆದುಕೊಳ್ಳೋದು ಸುಲಭ. ಆದರೆ 30 ದಿನಕ್ಕೇ ಮರಿ ಯಾಕೆ ಮಾರುತ್ತಾನೆ ಅಂತ ಯೋಚನೆ ಮಾಡಿ. ನಾಲ್ಕನೇ ವಾರದ ತನಕ ಮರಿಗಳ ಊಟ ತಾಯಿಯ ಹಾಲು, ಅವನ ಜೇಬಿಗೆ ಹೆಚ್ಚು ಖರ್ಚಿಲ್ಲ. ಐದರಿಂದ ಎಂಟನೇ ವಾರದಲ್ಲೇ ಮರಿಗಳು ತಿನ್ನಲು ಶುರು ಮಾಡೋದು, ಜಂತಿನ ಔಷಧ, ಮೊದಲ ಲಸಿಕೆ ಎಲ್ಲ ಬರೋದು. ಆ ನಾಲ್ಕು ವಾರ ಕಾದವನಿಗೆ ನಾವು ಕೊಡೋದು ಅದೇ ರೇಟು, ಮೇಲಿಂದ ಚೌಕಾಸಿ ಬೇರೆ. "ಅಲ್ಲಿ ಎರಡು ಸಾವಿರ ಕಡಿಮೆ ಇದೆ" ಅಂತ ನಾವೇ ಹೇಳುತ್ತೇವೆ. ಹಾಗಿರುವಾಗ ಕಾಯುವವನು ದಡ್ಡ, ಕಾಯದವನು ಜಾಣ ಆಗಿಬಿಡುತ್ತಾನೆ. ತಾಯಿ, ಒಡಹುಟ್ಟಿದವರ ಜೊತೆ ಎಂಟು ವಾರ ಕಳೆದ ಮರಿ ಎಷ್ಟು ಕಚ್ಚಬೇಕು, ಯಾವಾಗ ಬಿಡಬೇಕು ಅನ್ನೋದನ್ನು ಅಲ್ಲೇ ಕಲಿತು ಬರುತ್ತದೆ. 30 ದಿನದ ಮರಿ ತಂದವರು ಆ ಪಾಠದ ಫೀಸನ್ನು ಆಮೇಲೆ ಟ್ರೈನರ್‌ಗೆ ಕಟ್ಟುತ್ತಾರೆ.

ಇದೇ ಜಿಲ್ಲೆಯಲ್ಲಿ ಇನ್ನೊಂದು ರೀತಿಯ ಲೆಕ್ಕವೂ ಇದೆ. ಶಿರಹಟ್ಟಿ ಕಡೆ ಕಪ್ಪತಗುಡ್ಡದ ಅಂಚಿನಲ್ಲಿ ಕುರಿ ಹಿಂಡಿನ ಜೊತೆ ಕೂತಿದ್ದ ಅಜ್ಜನೊಬ್ಬನನ್ನು ಒಮ್ಮೆ ಮಾತಾಡಿಸಿದ್ದೆ. ಪಕ್ಕದಲ್ಲಿ ಒಂದು ಹೆಣ್ಣು ನಾಯಿ ಮಲಗಿತ್ತು.

"ಅಜ್ಜಾ, ಈಕಿ ಎಷ್ಟ ಸಲ ಮರಿ ಹಾಕ್ಯಾಳ?"

"ಎರಡ ಸಲ ತಮ್ಮಾ. ಹೋದ ವರ್ಷ ಆರ ಹಾಕಿದ್ಲು. ಈ ಸಲ ಬ್ಯಾಡಂತ ಬಿಟ್ಟೀನಿ, ಮೈ ಹಿಡೀಲಿ. ಮೈಯಾಗ ಕಸುವಿಲ್ಲದಾಕಿ ತೋಳ ಬಂದ್ರ ಏನ್ ಓಡಸ್ತಾಳ?"

ಅಜ್ಜನಿಗೆ 2017ರ ನಿಯಮ ಗೊತ್ತಿರಲಿಕ್ಕಿಲ್ಲ. ಅವನಿಗೆ ನಾಯಿಯ ಕೆಲಸ ಬೇಕು, ಆದ್ದರಿಂದ ನಾಯಿಯ ಮೈ ಬೇಕು. ಮರಿ ಮಾತ್ರ ಬೇಕಾದವನಿಗೆ ತಾಯಿಯ ಮೈ ಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ.

ಪೇಟೆಯಲ್ಲಿ ಫ್ಯಾಷನ್ ಆಗಿರುವ ಚಪ್ಪಟೆ ಮೂತಿಯ ನಾಯಿಗಳ ತಾಯಂದಿರ ಪಾಡು ಇನ್ನೂ ಕಷ್ಟ. ಬ್ರಿಟನ್‌ನಲ್ಲಿ 2010ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬೋಸ್ಟನ್ ಟೆರಿಯರ್‌ಗಳಲ್ಲಿ ಶೇ. 80ಕ್ಕಿಂತ ಹೆಚ್ಚು ಸೂಲುಗಳು ಸಿಸೇರಿಯನ್. ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಸಣ್ಣದು. ರೀಲ್ಸ್‌ನಲ್ಲಿ ಮುದ್ದಾಗಿ ಕಾಣುವ ಆ ಮುಖಕ್ಕೆ ಪ್ರತಿ ಸಲ ತಾಯಿಯ ಹೊಟ್ಟೆ ಕೊಯ್ಯಬೇಕು. ನಮ್ಮ ಮುಧೋಳ ನಾಯಿ ಆ ಮಟ್ಟಿಗೆ ಪುಣ್ಯವಂತೆ. ಆ ಪುಣ್ಯವನ್ನು ದುಡಿಸಿ ದುಡಿಸಿ ಕಳೆಯಬಾರದು.

ಬೀದಿಯ ತಾಯಂದಿರು

ಮಾರಾಟಕ್ಕಿಲ್ಲದ ತಾಯಂದಿರೂ ಇದ್ದಾರೆ. ಬೆಟಗೇರಿಯ ಓಣಿಯಲ್ಲಿ, ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ, ಮಳೆಗಾಲದ ಕೊನೆಗೆ ಗುಂಪು ಕಟ್ಟಿದ ನಾಯಿಗಳು, ಚಳಿಗಾಲಕ್ಕೆ ಗಟಾರದ ಪಕ್ಕ ಮರಿಗಳು. ಕೋಲ್ಕತ್ತದ ವಿಜ್ಞಾನಿಗಳು ಪಶ್ಚಿಮ ಬಂಗಾಳದಲ್ಲಿ ಬೀದಿನಾಯಿಗಳ 95 ಸೂಲುಗಳ 364 ಮರಿಗಳ ಬೆನ್ನು ಹಿಡಿದು ನೋಡಿದರು. ಪ್ರಾಯಕ್ಕೆ ಬರುವವರೆಗೆ ಉಳಿದದ್ದು ಶೇ. 19 ಮಾತ್ರ. ಅಂದರೆ ನೂರು ಮರಿಗಳಲ್ಲಿ 81 ಸಾಯುತ್ತವೆ. ತಾಯಿ ಮುಂದಿನ ಸಲ ಮತ್ತೆ ಅಷ್ಟೇ ಕಷ್ಟಪಟ್ಟು ಹೆರುತ್ತಾಳೆ.

ನಿಮ್ಮ ಓಣಿಯ ನಾಯಿಗೆ ದಿನಾ ಬಿಸ್ಕತ್ತು ಹಾಕುವವರಾಗಿದ್ದರೆ, ಒಂದು ವರ್ಷದ ಬಿಸ್ಕತ್ತಿಗಿಂತ ದೊಡ್ಡ ಉಪಕಾರ ಮರಿ ಹಾಲು ಬಿಟ್ಟ ಮೇಲೆ ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸೋದು, ಜೊತೆಗೆ ರೇಬೀಸ್ ಲಸಿಕೆ. ಇದು ಸ್ಥಳೀಯ ಸಂಸ್ಥೆಯ ಜವಾಬ್ದಾರಿ ಅಂತ 2023ರ ನಿಯಮಗಳು ಹೇಳುತ್ತವೆ. ಓಣಿಯವರು ನಾಲ್ಕು ಜನ ಸೇರಿ ಒಂದು ಅರ್ಜಿ ಕೊಟ್ಟರೆ ಕೆಲಸ ಬೇಗ ಆಗಬಹುದು. ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ತಿಳಿದವರನ್ನು ಕೇಳಲು ಬೆಂಗಳೂರಿಗೆ ಹೋಗಬೇಕಿಲ್ಲ.

ಫೋನಿನಲ್ಲಿ ಉಳಿಸಿಕೊಳ್ಳಿ

ಮರಿ ತರುವ ಯೋಚನೆ ಇದ್ದರೆ ಈ ಆರು ಪ್ರಶ್ನೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ತಾಯಿಯನ್ನು ಎದುರಿಗೆ, ಮರಿಗಳ ಜೊತೆ ನೋಡಬಹುದಾ? ಫೋಟೊ ಅಲ್ಲ, ಎದುರಿಗೆ.

2. ಅವಳ ವಯಸ್ಸೆಷ್ಟು, ಇದು ಎಷ್ಟನೇ ಸೂಲು?

3. ಹಿಂದಿನ ಸೂಲು ಯಾವಾಗ ಆಗಿತ್ತು? ವರ್ಷಕ್ಕಿಂತ ಕಡಿಮೆ ಅಂತರ ಇದ್ದರೆ ಅಲ್ಲಿಗೇ ನಮಸ್ಕಾರ.

4. ತಂದೆ ಯಾವುದು? ತಾಯಿಗೂ ಅವನಿಗೂ ಏನು ಸಂಬಂಧ?

5. ಮರಿಗೆ 8 ವಾರ ತುಂಬಿದೆಯಾ? ಜಂತಿನ ಔಷಧ, ಲಸಿಕೆಯ ಕಾರ್ಡ್ ಎಲ್ಲಿ?

6. ನೋಂದಣಿ ಇದೆಯಾ? ತಾಯಿಯನ್ನು ನೋಡುವ ಪಶುವೈದ್ಯರು ಯಾರು?

ಆರಕ್ಕೂ ಸರಿಯಾಗಿ ಉತ್ತರ ಕೊಟ್ಟವರ ಹತ್ತಿರ ಚೌಕಾಸಿ ಮಾಡಬೇಡಿ. ಆ ಹೆಚ್ಚಿನ ಎರಡು ಸಾವಿರದಲ್ಲಿ ತಾಯಿ ತಿಂದ ಮೊಟ್ಟೆ ಇದೆ, ಅವಳಿಗೆ ಸಿಕ್ಕ ಒಂದು ವರ್ಷದ ಬಿಡುವು ಇದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನೋದು ಹಳೆಯ ಗಾದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ನೂಲು ಹಳಸಿದರೆ ಬಣ್ಣ ಎಷ್ಟೇ ಚೆಂದ ಹಾಕಿದರೂ ಸೀರೆ ನಿಲ್ಲೋದಿಲ್ಲ. ಮಾರುವವರು ಬದಲಾಗುವುದು ಭಾಷಣದಿಂದ ಅಲ್ಲ, ಗಿರಾಕಿಯ ಪ್ರಶ್ನೆಯಿಂದ. ದಿನಕ್ಕೆ ಹತ್ತು ಫೋನ್ ಬಂದು, ಹತ್ತರಲ್ಲಿ ಆರು ಜನ "ತಾಯಿ ಹ್ಯಾಂಗದಾಳ್ರಿ?" ಅಂತ ಶುರು ಮಾಡಿದರೆ, ಹನ್ನೊಂದನೇ ಫೋನ್ ಬರುವಷ್ಟರಲ್ಲಿ ಅವಳ ತಟ್ಟೆಗೆ ಒಂದು ಮೊಟ್ಟೆ ಹೆಚ್ಚು ಬಿದ್ದಿರುತ್ತದೆ.